ನೀಲಿ ಆಂಬುಲೆನ್ಸಿನ ದೋಸೆ

ಮೊನ್ನೆ ಎದುರು ಮನೆಯವರು ಗೇಟಿಗೆ ನೀಲಿ ಎನಾಮಲ್ ಬಣ್ಣ ಹೊಡೆಸಿದರು. ಎರಡು ದಿನ ಬೀದಿಯಲ್ಲಿ ಯಾರೂ ನಿಲ್ಲುವ ಹಾಗಿರಲಿಲ್ಲ. ನಮ್ಮ ಯಜಮಾನರು ಮೂಗಿಗೆ ಟವೆಲ್ ಕಟ್ಟಿಕೊಂಡು, ಕಿಟಕಿಗಳನ್ನೆಲ್ಲ ಮುಚ್ಚಿ, ಎದುರು ಮನೆಯವರ ವಂಶವನ್ನು ಹಿಂದಿನ ಮೂರು ತಲೆಮಾರಿನಿಂದ ಬೈಯುತ್ತ ಒಳಗೆ ಕೂತರು. ನಾನು ಮಾತ್ರ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಆ ವಾಸನೆಯನ್ನು ಬೇಕಂತಲೇ ಎಳೆದುಕೊಳ್ಳುತ್ತಿದ್ದೆ. "ನಿನಗೇನು ತಲೆ ಕೆಟ್ಟಿದೆಯಾ?" ಎಂದು ಒಳಗಿನಿಂದಲೇ ಕೇಳಿದರು. ಕೆಟ್ಟಿರಲಿಲ್ಲ. ಐವತ್ತು ವರ್ಷದ ಹಿಂದೆ ಇದೇ ವಾಸನೆಯ ಗಾಡಿಯೊಂದರಲ್ಲಿ ಕೂತು ನಾನು ಮೂರು ದಿನ ಊರೂರು ಸುತ್ತಿದ್ದೆ, ಅಷ್ಟೇ. ಆ ಗಾಡಿಯ ಕಥೆಯನ್ನು ನಮ್ಮವರಿಗೆ ಹೇಳಲು ಹೋದರೆ ಅರ್ಧಕ್ಕೇ ನಿದ್ದೆ ಮಾಡುತ್ತಾರೆ. ನೀವಾದರೂ ಕೇಳಿ.

ದುರ್ಗದಲ್ಲಿ ನಮ್ಮದು ದೊಡ್ಡ ಮನೆ. ದುರ್ಗ ಅಂದರೆ ಚಿತ್ರದುರ್ಗವೇ; ನಮಗೆ ಬೇರೆ ದುರ್ಗ ಗೊತ್ತಿಲ್ಲ. ಎಣ್ಣೆ ಗಿರಣಿ ನಮ್ಮದು, ಹೊತ್ತಿಗೆ ಇಪ್ಪತ್ತೆರಡು ಜನ ಊಟಕ್ಕೆ ಕೂರುತ್ತಿದ್ದೆವು. ಅಡುಗೆಮನೆಯ ಅಧಿಕಾರ ಅಜ್ಜಿಯದು. ಅಜ್ಜಿಯ ಕೈಕೆಳಗೆ ಅಮ್ಮ, ಅಮ್ಮನ ಕೈಕೆಳಗೆ ಚಿಕ್ಕಮ್ಮ. ಚಿಕ್ಕಮ್ಮನ ಕೈಕೆಳಗೆ ಬೆಕ್ಕು ಕೂಡ ಇರಲಿಲ್ಲ. ಬೆಕ್ಕೂ ಅಜ್ಜಿಯ ಮಾತನ್ನೇ ಕೇಳುತ್ತಿತ್ತು. ಹದಿನೆಂಟು ವರ್ಷದಿಂದ ಚಿಕ್ಕಮ್ಮ ಆ ಒಲೆಯ ಮುಂದೆ ನಿಂತು ದೋಸೆ ಹಾಕಿದ್ದಳು. ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ, ಆಮೇಲೆ ಬಂದವರಿಗೆ, ಆಮೇಲೆ ಅಜ್ಜಿಗೆ. ತನ್ನ ಪಾಲು ಬರುವ ಹೊತ್ತಿಗೆ ಒಲೆ ಆರಿರುತ್ತಿತ್ತು, ದೋಸೆ ತಣ್ಣಗಾಗಿ ಚರ್ಮದಂತೆ ಆಗಿರುತ್ತಿತ್ತು, ಚಟ್ನಿಯಿದ್ದ ಪಾತ್ರೆಯನ್ನು ಯಾರೋ ತೊಳೆದೂ ಇಟ್ಟಿರುತ್ತಿದ್ದರು.

ನಮ್ಮ ಚಿಕ್ಕಪ್ಪನಿಗೆ ಓದುವ ಹುಚ್ಚು. ಏನನ್ನು ಬೇಕಾದರೂ ಓದುವನು. ಗಿರಣಿಗೆ ಹಿಂಡಿ ಕಟ್ಟಲು ತಂದ ರದ್ದಿ ಕಾಗದದಲ್ಲಿ ಒಂದು ದಿನ ಅವನಿಗೆ ಯಾವುದೋ ಪರದೇಶದ ಪುಸ್ತಕದ ಹಾಳೆ ಸಿಕ್ಕಿತು. ಅದರಲ್ಲಿ ಒಂದು ಬಣ್ಣದ ಚಿತ್ರ: ಹೊಳೆಯ ದಂಡೆ, ಅಲ್ಲೊಂದು ಚಕ್ರದ ಮೇಲಿನ ಮನೆ, ಅದರ ಮುಂದೆ ಮಡಚುವ ಕುರ್ಚಿಯಲ್ಲಿ ಕೂತ ಗಂಡ, ಒಳಗೆ ಒಲೆಯ ಮುಂದೆ ನಗುತ್ತಿರುವ ಹೆಂಡತಿ. "ಇದಕ್ಕೆ ಕಾರವಾನು ಅಂತಾರೆ" ಎಂದು ಚಿಕ್ಕಪ್ಪ ಮನೆಯವರಿಗೆಲ್ಲ ತೋರಿಸಿದ. ಎಲ್ಲರೂ ನೋಡಿ ಮರೆತರು. ಚಿಕ್ಕಮ್ಮ ಆ ಹಾಳೆಯನ್ನು ಮಡಚಿ ಸೀರೆಯ ಟ್ರಂಕಿನಲ್ಲಿಟ್ಟಳು.

ಅದೇ ವರ್ಷ ಎಣ್ಣೆ ಡಬ್ಬ ಸಾಗಿಸಲು ಗಿರಣಿಗೊಂದು ಗಾಡಿ ಬೇಕಾಯಿತು. ಎಲ್ಲಿಂದಲೋ ಹರಾಜಿಗೆ ಬಂದ ಒಂದು ಮುದಿ ಆಂಬುಲೆನ್ಸನ್ನು ಚಿಕ್ಕಪ್ಪ ಹಿಡಿದು ತಂದ. ಡಬ್ಬ ತುಂಬುವ ಮೊದಲು ಮೂರೇ ಮೂರು ದಿನ ಅದನ್ನು ತನಗೆ ಬಿಟ್ಟುಕೊಡಬೇಕೆಂದು ನಮ್ಮ ಅಪ್ಪನ ಮುಂದೆ ಕೈಕಟ್ಟಿ ನಿಂತ. ವೇದಾವತಿ ತೀರದ ಐತಿಹಾಸಿಕ ಊರುಗಳನ್ನು ನೋಡಿಕೊಂಡು ಬರುತ್ತೇವೆ ಎಂದ.

"ಯಾರ್ಯಾರು ಹೋಗ್ತೀರಿ?" ಅಪ್ಪ ಕೇಳಿದರು.

"ನಾನು, ಗಿರಿಜಾ."

"ಇಬ್ಬರೇನಾ?"

ಅಪ್ಪ ಹಾಗೆ ಕೇಳಿದ ಧಾಟಿಗೆ ಹದಿನೆಂಟು ವರ್ಷ ಸಂಸಾರ ಮಾಡಿದ ಚಿಕ್ಕಪ್ಪ ಕೆಂಪಗಾಗಿಬಿಟ್ಟ. ಗಂಡ ಹೆಂಡತಿ ಇಬ್ಬರೇ ಊರು ಸುತ್ತುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ತಕ್ಷಣ ನನ್ನ ಕಡೆ ಬೆರಳು ತೋರಿಸಿದ. ನಾನು ಆ ವರ್ಷ ಪಿಯುಸಿಯಲ್ಲಿ ಇತಿಹಾಸ ಒಂದರಲ್ಲಿ ಫೇಲಾಗಿ, ಮನೆಯ ಯಾವ ಮೂಲೆಯಲ್ಲಿ ಕೂತರೂ ಯಾರದಾದರೂ ಕಣ್ಣಿಗೆ ಬಿದ್ದು ಬೈಸಿಕೊಳ್ಳುತ್ತಿದ್ದೆ. "ಇವಳನ್ನ ಕರ್ಕೊಂಡು ಹೋಗ್ತೀನಣ್ಣ. ಕಣ್ಣಾರೆ ನೋಡಿದ್ರೆ ಮುಂದಿನ ಸಲ ಪಾಸಾಗ್ತಾಳೆ." ಹೀಗೆ ನಾನು ಆ ಪ್ರವಾಸದ ಕಾರಣವಾದೆ. ಫೇಲಾದದ್ದಕ್ಕೆ ಬಹುಮಾನ ಪಡೆದವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು.

ಗಾಡಿಯನ್ನು ಮನೆ ಮಾಡಿದವರು ತಗಡಿನ ಕೆಲಸದ ಖಾದರ್ ಸಾಬರು. ಕೋಟೆಯ ಬುಡದಲ್ಲಿ ಅವರ ಅಂಗಡಿ. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ತಲೆ ಕೆರೆದುಕೊಂಡು, "ಸ್ವಾಮಿ, ಇದ್ರಾಗೆ ಜನ ತಾವಾಗೇ ಖುಷಿಯಿಂದ ಹತ್ತಿದ್ದು ನಾನು ನೋಡಿಲ್ಲ. ನೀವೇ ಮೊದ್ಲು" ಎಂದರು. ಆದರೂ ಮನಸ್ಸಿಟ್ಟು ಮಾಡಿದರು. ಒಂದು ಬದಿಗೆ ಮಂಚ, ಇನ್ನೊಂದು ಬದಿಗೆ ಒಲೆ ಇಡಲು ತಗಡು ಹೊಡೆದ ಹಲಗೆ. ಹಲಗೆ ಎಷ್ಟು ಎತ್ತರ ಇರಬೇಕು ಎಂಬುದಕ್ಕೆ ಚಿಕ್ಕಪ್ಪ ತನ್ನ ಸೊಂಟ ಮುಟ್ಟಿ ತೋರಿಸಿದ್ದಕ್ಕೆ, "ಒಲೆ ಮುಂದೆ ನಿಂತ್ಕಳೋರು ನೀವಾ? ಅಮ್ಮಾರನ್ನ ಕರೀರಿ" ಎಂದುಬಿಟ್ಟರು. ಮೇಲೆ ಎರಡು ಕೋಟು ನೀಲಿ ಎನಾಮಲ್ ಬಣ್ಣ ಬಿತ್ತು. ಆಂಬುಲೆನ್ಸಿನ ಎರಡು ಬದಿಗೂ ಇದ್ದ ಕೆಂಪು ಶಿಲುಬೆ ಮುಚ್ಚಿಹೋಯಿತೆಂದು ನಾವು ತಿಳಿದೆವು. ನೆರಳಿನಲ್ಲಿ ಮುಚ್ಚಿತ್ತು, ನಿಜ. ಬಿಸಿಲಿಗೆ ತಂದು ನಿಲ್ಲಿಸಿದರೆ ನೀಲಿಯ ಒಳಗಿನಿಂದ ನೇರಳೆ ಬಣ್ಣದ ಶಿಲುಬೆ ಮೆಲ್ಲಗೆ ಎದ್ದು ಬರುತ್ತಿತ್ತು.

ಹೊರಡುವ ಹಿಂದಿನ ದಿನ ಚಿಕ್ಕಮ್ಮ ನನ್ನನ್ನು ಹಿತ್ತಿಲಿಗೆ ಕರೆದು ಒಂದು ಪಿಂಗಾಣಿ ಜಾಡಿ ತೋರಿಸಿದಳು. ಅಜ್ಜಿಗೆ ಗೊತ್ತಾಗದ ಹಾಗೆ ರುಬ್ಬಿದ ದೋಸೆ ಹಿಟ್ಟು. ಪಕ್ಕದಲ್ಲಿ ತವರಿನಿಂದ ತಂದು, ಇಷ್ಟು ವರ್ಷ ಅಟ್ಟದ ಮೇಲೇ ಬಿದ್ದಿದ್ದ ಅವಳ ಸ್ವಂತ ದೋಸೆ ಹಂಚು. ಹುಣಿಸೆಹಣ್ಣು ಹಾಕಿ ಉಜ್ಜಿ ತೊಳೆದಿದ್ದಳು.

"ಲೇ, ಯಾರಿಗೂ ಹೇಳ್ಬೇಡ. ನಂಗೆ ಒಂದೇ ಒಂದು ಆಸೆ ಐತೆ. ನನ್ನ ಒಲೆ ಮೇಲೆ ಹಾಕಿದ ದೋಸೆ, ಹಂಚಿಂದ ಎತ್ತಿದ ಕೂಡ್ಲೆ, ಬಿಸಿ ಬಿಸಿ ಇರ್ವಾಗ, ನಾನು ಕುಂತು ತಿನ್ಬೇಕು."

"ಅಷ್ಟೇನಾ ಚಿಕ್ಕಮ್ಮ?" ಎಂದು ನಾನು ನಕ್ಕೆ. ಹತ್ತೊಂಬತ್ತರ ಹುಡುಗಿ ನಾನು, ಹುಟ್ಟಿದಾಗಿನಿಂದ ಬಿಸಿ ದೋಸೆಯನ್ನೇ ತಿಂದವಳು. ನನಗೇನು ಗೊತ್ತು?

ಚಿಕ್ಕಪ್ಪ ಅಷ್ಟರಲ್ಲಿ ಒಂದು ಘನಕಾರ್ಯ ಮಾಡಿಯಾಗಿತ್ತು. ದಾರಿಯಲ್ಲಿ ಸಿಗುವ ಮೂರೂ ಊರಿನ ನೆಂಟರಿಗೆ ಒಂದೊಂದು ಕಾರ್ಡು ಬರೆದು ಹಾಕಿದ್ದ. "ಊಟ, ವಸತಿ ಎಲ್ಲವೂ ನಮ್ಮ ಗಾಡಿಯಲ್ಲಿಯೇ ಇರುವುದರಿಂದ ತಾವು ಯಾವ ರೀತಿಯ ತೊಂದರೆಯನ್ನೂ ತೆಗೆದುಕೊಳ್ಳಬಾರದಾಗಿ ವಿನಂತಿ." ತಾನು ಬಹಳ ಸೌಜನ್ಯದ ಕೆಲಸ ಮಾಡಿದೆ ಎಂದು ಅವನ ಭಾವನೆ. ನಮ್ಮ ಸೀಮೆಯಲ್ಲಿ ನೆಂಟರಿಗೆ "ನಿಮ್ಮ ಮನೆಯಲ್ಲಿ ಉಣ್ಣುವುದಿಲ್ಲ" ಎಂದು ಬರೆದು ತಿಳಿಸುವುದೂ ಒಂದೇ, ಅವರ ಬಾಗಿಲಿಗೆ ಹೋಗಿ ಕಲ್ಲು ಹೊಡೆಯುವುದೂ ಒಂದೇ. ಅಷ್ಟು ಓದಿದವನಿಗೆ ಇಷ್ಟು ಹೊಳೆಯಲಿಲ್ಲ ನೋಡಿ.

ಬೆಳಿಗ್ಗೆ ಗಾಡಿ ಹೊರಡಬೇಕು, ಅಷ್ಟರಲ್ಲಿ ಅಜ್ಜಿ ಕೈಚೀಲ ಹಿಡಿದು ಬಾಗಿಲಿಗೆ ಬಂದಳು. ಹಿರಿಯೂರಿನಲ್ಲಿ ಮಗಳ ಮನೆ ಇದೆ, ತಾನೂ ಬರುತ್ತೇನೆ ಎಂದಳು. ಬೇಡ ಎನ್ನುವ ಗಂಡಸು ದುರ್ಗದಲ್ಲಿ ಹುಟ್ಟಿರಲಿಲ್ಲ. ಅಜ್ಜಿ ಹತ್ತಿ, ಮಂಚದ ಮೇಲೆ ಉದ್ದಕ್ಕೆ ಮಲಗಿ, "ಏನೋ ಇದು, ಡಾಕ್ಟ್ರು ಅಂಗಡಿ ವಾಸನೆ ಬರ್ತೈತೆ" ಎಂದಳು. ಚಿಕ್ಕಮ್ಮ ಜಾಡಿಯನ್ನು ಮಂಚದ ಕೆಳಗೆ ತಳ್ಳಿದಳು. ಅವಳ ಮುಖ ನೋಡಿ ನನಗೆ ಆವತ್ತು ಮೊದಲ ಸಲ ಅಯ್ಯೋ ಅನ್ನಿಸಿತು.

ಹಿರಿಯೂರಿನ ತನಕ ಚಿಕ್ಕಪ್ಪ ದುರ್ಗದ ಪಾಳೇಗಾರರಿಂದ ಶುರುಮಾಡಿ ಇತಿಹಾಸ ಹೇಳಿದ. ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಕತ್ತಿ ಬೀಸಿ ತೋರಿಸುತ್ತಿದ್ದುದರಿಂದ ನನಗೆ ಇತಿಹಾಸಕ್ಕಿಂತ ದಾರಿಯ ಮೇಲೇ ಹೆಚ್ಚು ಗಮನ. ಊರ ಹತ್ತಿರ ಬರುತ್ತಿದ್ದ ಹಾಗೆ ಒಂದು ವಿಚಿತ್ರ ನಡೆಯಿತು. ಎದುರು ಬಂದ ಲಾರಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಸೈಕಲ್ಲಿನವರು ಇಳಿದು ನಿಂತರು. ಚಿಕ್ಕಪ್ಪ ಇದನ್ನು ತನ್ನ ಕಾರವಾನಿಗೆ ಸಂದ ಗೌರವ ಎಂದು ತಿಳಿದು ಎಲ್ಲರಿಗೂ ಕೈಮುಗಿದ. ಅವರಿಗೆ ಕಂಡದ್ದು ಶಿಲುಬೆ.

ಬಸ್‌ಸ್ಟ್ಯಾಂಡಿನ ಹತ್ತಿರ ನಡುರಸ್ತೆಯಲ್ಲಿ ಕೈಯಗಲಿಸಿ ನಿಂತಿದ್ದವರು ಬಸವರಾಜಪ್ಪ ಮಾವ, ಅಜ್ಜಿಯ ಅಳಿಯ, ತೆಂಗಿನಕಾಯಿ ವ್ಯಾಪಾರಿ. ಚಿಕ್ಕಪ್ಪನಿಗೆ ಬ್ರೇಕು ಹಾಕದೆ ಗತಿಯಿರಲಿಲ್ಲ.

"ಇಳೀರಿ ಕೆಳಗೆ! ನಮ್ಮನ್ಯಾಗೆ ಅಕ್ಕಿ ತೀರೈತೆ ಅಂತ ನಿಮಗೆ ಯಾರ್ ಹೇಳಿದ್ರು? ಕಾರ್ಡ್ ಬರೀತೀರಾ, ಕಾರ್ಡು? ಆ ಪೋಸ್ಟ್‌ಮ್ಯಾನ್ ಓದಿ ಇಡೀ ಬೀದಿಗೆ ಸಾರ್ಯಾನೆ, ನಿಮ್ಮ ಬೀಗ್ರು ನಿಮ್ಮನ್ಯಾಗೆ ನೀರೂ ಮುಟ್ಟಲ್ವಂತೆ ಅಂತ!"

"ಹಂಗಲ್ಲ ಭಾವ, ನಿಮಗೆ ತೊಂದ್ರೆ ಆಗ್ಬಾರ್ದು ಅಂತ..."

"ತೊಂದ್ರೆ! ಕೇಳ್ರಪ್ಪ, ಊಟ ಹಾಕೋದು ತೊಂದ್ರೆ ಅಂತೆ!" ಎಂದು ಮಾವ ಬಸ್‌ಸ್ಟ್ಯಾಂಡಿಗೇ ನ್ಯಾಯ ಒಪ್ಪಿಸಿದರು.

ಅಷ್ಟು ಹೊತ್ತಿಗೆ ಗಾಡಿಯ ಸುತ್ತ ಜನ. ಕಿಟಕಿಯಲ್ಲಿ ಇಣುಕಿದವರಿಗೆ ಮಂಚದ ಮೇಲೆ ಕಣ್ಣುಮುಚ್ಚಿ ಮಲಗಿದ ಅಜ್ಜಿ ಕಂಡಳು. "ಪಾಪ, ಇನ್ನೂ ಉಸಿರೈತಾ?" ಎಂದಳೊಬ್ಬಳು. ಇನ್ನೊಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಜ್ಜಿಗೆ ಏನಾಗಿತ್ತಂತೆ?" ಎಂದು ಕೇಳಿದಳು. ಅಜ್ಜಿ ದಡಕ್ಕನೆ ಎದ್ದು ಕೂತು, "ನನಗೇನಾಗೈತೆ? ನಿಮ್ಮಜ್ಜಿಗೆ ಆಗೈತೆ! ಸರ್ಕೊಳ್ರಿ ಅತ್ಲಾಗೆ!" ಎಂದು ಗದರಿದಾಗ ಅರ್ಧ ಜನ ಹಿಂದಕ್ಕೆ ಹಾರಿದರು.

ಮಾವನ ಮನೆಯಲ್ಲಿ ಹೋಳಿಗೆ, ಕೋಸಂಬರಿ, ಎರಡು ಬಗೆ ಪಲ್ಯ, ಮೇಲೆ ತುಪ್ಪದ ಮಳೆ. ಕಾರ್ಡಿನ ಅವಮಾನವನ್ನು ಅವರು ನಮ್ಮ ಹೊಟ್ಟೆಯ ಮೇಲೆ ತೀರಿಸಿಕೊಂಡರು. ಮಧ್ಯಾಹ್ನ ಉಂಡು ಏಳುವ ಹೊತ್ತಿಗೆ ಸಂಜೆಯ ಊಟದ ಮಾತು. ನಡುವೆ ತೇರುಮಲ್ಲೇಶ್ವರನ ಗುಡಿಗೆ ಹೋಗಿ ಬಂದೆವು. ಹಿಂದೆ ವೇದಾವತಿ. ವೇದಾವತಿ ಎಂದರೆ ಆ ದಿನ ದೊಡ್ಡ ಮರಳ ರಾಶಿಯ ಒಂದು ಅಂಚಿನಲ್ಲಿ ಹರಿಯುತ್ತಿದ್ದ ಇಷ್ಟೇ ಇಷ್ಟು ನೀರು. ಎಮ್ಮೆಯೊಂದು ಅಡ್ಡ ಮಲಗಿ ಅದನ್ನೂ ನಿಲ್ಲಿಸಿತ್ತು. ಚಿಕ್ಕಪ್ಪ ಅದರ ಮುಂದೆ ನಿಂತು ನಾಗರಿಕತೆಗಳು ನದಿ ತೀರದಲ್ಲೇ ಬೆಳೆದವು ಎಂದು ವಿವರಿಸಿದ. ನನಗೆ ಹೋಳಿಗೆಯ ತೂಕಡಿಕೆ. ಚಿಕ್ಕಮ್ಮ ಮಾತ್ರ ಆ ದಂಡೆಯನ್ನೂ ಗಾಡಿ ನಿಲ್ಲಿಸಬಹುದಾದ ಬೇವಿನ ನೆರಳನ್ನೂ ನೋಡಿ, "ಎಷ್ಟ್ ಚೆಂದಾಗೈತೆ ಜಾಗ" ಎಂದಳು.

ಮಗಳ ಮನೆಯಲ್ಲೇ ಉಳಿಯುತ್ತಾಳೆಂದುಕೊಂಡಿದ್ದ ಅಜ್ಜಿ ಮರುದಿನ ಮತ್ತೆ ನಮ್ಮ ಜೊತೆಗೇ ಹೊರಟಳು. ತಿಂಡಿ ತಿನ್ನದೆ ಮಾವ ಬಿಡಲಿಲ್ಲ. ಮೇಲೆ ಒಂದು ಚೀಲ ತೆಂಗಿನಕಾಯಿ ಗಾಡಿಗೆ ಹಾಕಿದರು. ಅವು ತಿರುವು ಬಂದಾಗಲೆಲ್ಲ ಚೀಲದಿಂದ ಉರುಳಿ ಅಜ್ಜಿಯ ಮಂಚದ ಕಾಲಿಗೆ ಢಿಕ್ಕಿ ಹೊಡೆಯುತ್ತಿದ್ದವು. ಮಾರಿಕಣಿವೆಯ ಹತ್ತಿರ ಮಂಚದಿಂದ ಕಾಲು ಇಳಿಬಿಟ್ಟ ಅಜ್ಜಿ, "ಏನೋ ಕಾಲಿಗೆ ತಣ್ಣಗೆ ಹತ್ತಿತು" ಎಂದು ಕೂಗಿಕೊಂಡಳು. ನೋಡಿದರೆ ಹಿಟ್ಟು. ಉಕ್ಕಿ, ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಎಬ್ಬಿಸಿಕೊಂಡು, ಮಂಚದ ಕೆಳಗಿನಿಂದ ಮೆಲ್ಲಗೆ ಹೊರಗೆ ಬರುತ್ತಿತ್ತು. ಸಿಕ್ಕಿಬಿದ್ದ ಚಿಕ್ಕಮ್ಮ ಸೆರಗಿನಿಂದಲೇ ಹಿಟ್ಟು ಒರೆಸತೊಡಗಿದಳು. ಅಜ್ಜಿ ಬೆರಳಿಗೆ ತಾಗಿದ್ದನ್ನು ಮೂಸಿ, ನಾಲಿಗೆಗೆ ಇಟ್ಟು ನೋಡಿ, "ಉದ್ದು ಕಮ್ಮಿಯಾಗೈತೆ" ಎಂದಷ್ಟೇ ಹೇಳಿ ಮತ್ತೆ ಮಲಗಿದಳು. ಯಾಕೆ ತಂದೆ ಎಂದು ಕೇಳಲಿಲ್ಲ. ಅರ್ಧ ಹಿಟ್ಟು ಗಾಡಿಯ ಪಾಲಾಯಿತು. ಉಳಿದದ್ದನ್ನು ಚಿಕ್ಕಮ್ಮ ಸೌಟಿನಿಂದ ಕದಡಿ ಕೂರಿಸಿದಳು.

ಹೊಸದುರ್ಗ ದಾಟಿ ನಾಲ್ಕು ಮೈಲಿಗೆ ಹೊಳೆಯ ಪಕ್ಕದ ಹಳ್ಳಿಯಲ್ಲಿ ಚಿಕ್ಕಮ್ಮನ ಅಕ್ಕ ಪಾರ್ವತಮ್ಮನ ಮನೆ. ಅಲ್ಲಿಯೂ ಕಾರ್ಡು ಮುಟ್ಟಿತ್ತು. ಪಾರ್ವತಮ್ಮ ಬೈಯಲಿಲ್ಲ, ಅತ್ತಳು. "ಅಪ್ಪ ಅಮ್ಮ ಇಲ್ಲ ಅಂದ್ಮೇಲೆ ನಾನು ಯಾರು ನಿಂಗೆ?" ಎಂದು ತಂಗಿಯನ್ನು ತಬ್ಬಿಕೊಂಡು ಅತ್ತ ಮೇಲೆ ಗಾಡಿಯಲ್ಲಿ ಉಣ್ಣುತ್ತೇವೆ ಎನ್ನಲು ಯಾವ ಬಾಯಿ? ಓಣಿ ಕಿರಿದು, ಗಾಡಿ ಒಳಗೆ ಬರಲಿಲ್ಲ; ಅದನ್ನು ಹೊಳೆಯ ದಂಡೆಯಲ್ಲೇ ಬಿಟ್ಟು ಆ ದಿನವೆಲ್ಲ ಪಾರ್ವತಮ್ಮನ ಮನೆಯಲ್ಲಿ ಮುದ್ದೆ ಸಾರು ಉಂಡೆವು.

ಮೂರನೆಯ ದಿನ ಬೆಳಿಗ್ಗೆ, ಸ್ನಾನಕ್ಕೆ ಹೊಳೆಗೆ ಹೋಗುತ್ತೇವೆಂದು ಸುಳ್ಳು ಹೇಳಿ ಚಿಕ್ಕಮ್ಮ ನನ್ನನ್ನು ಎಬ್ಬಿಸಿಕೊಂಡು ಹೊರಟಳು. ಇಲ್ಲಿ ಹೊಳೆಯಲ್ಲಿ ಒಳ್ಳೆಯ ನೀರಿತ್ತು. ಮಂಜು ಏಳುತ್ತಿತ್ತು. ನಾಲ್ಕಾರು ಗಂಡಸರು ಎತ್ತುಗಳ ಮೈ ತೊಳೆಯುತ್ತಿದ್ದರು. ಚಿಕ್ಕಮ್ಮ ಗಾಡಿಯ ಬಾಗಿಲು ತೆರೆದು, ಹಲಗೆಯ ಮುಂದೆ ನಿಂತು, ಸೆರಗು ಸಿಕ್ಕಿಸಿ, ಸೀಮೆಎಣ್ಣೆ ಸ್ಟವ್ವಿಗೆ ಗಾಳಿ ಹಾಕತೊಡಗಿದಳು. ನಾನು ತೆಂಗಿನಕಾಯಿ ಒಡೆದೆ. ಅದೇ ಹೊತ್ತಿಗೆ ಸೂರ್ಯ ಎದ್ದ, ಗಾಡಿಯ ಮೈಮೇಲೆ ಬಿಸಿಲು ಬಿತ್ತು, ಶಿಲುಬೆ ಎದ್ದು ಬಂತು.

ನಿಮಗೆ ಆ ವರ್ಷಗಳ ನೆನಪಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಎಮರ್ಜೆನ್ಸಿಯಲ್ಲಿ ಹಿಡಿದು ಮಕ್ಕಳಾಗದ ಆಪರೇಶನ್ ಮಾಡಿ ಕಳಿಸುತ್ತಾರೆಂದು ಆರೋಗ್ಯದ ಗಾಡಿ ಕಂಡರೆ ಗಂಡಸರು ದಿಕ್ಕಾಪಾಲಾಗುತ್ತಿದ್ದ ಕಾಲ. ಒಬ್ಬ ತಲೆಯೆತ್ತಿ ನೋಡಿ ಕೂಗಿದ: "ಲೇ, ಬಂದೈತೆ ಕಣ್ರಲೇ! ಓಡ್ರಲೇ!" ನೋಡನೋಡುತ್ತಿದ್ದ ಹಾಗೆ ಅಷ್ಟೂ ಗಂಡಸರು ಹೊಳೆ ದಾಟಿ ಜಾಲಿಯ ಪೊದೆಯಲ್ಲಿ ಮಾಯವಾದರು. ಎತ್ತುಗಳು ಅರ್ಧ ತೊಳೆಸಿಕೊಂಡು ನೀರಿನಲ್ಲೇ ನಿಂತವು. ಗಂಡಸರು ಹೋದರೆ ಹೆಂಗಸರು ಬಂದರು. ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಸಾಲು ನಿಂತರು.

"ನರ್ಸಮ್ಮಾರೇ, ನಮ್ಮ ಕೂಸಿಗೆ ಮೂರು ದಿನದಿಂದ ಕೆಮ್ಮು ನೋಡ್ರಿ."

"ಅವ್ವಾ, ನಾನು ನರ್ಸಲ್ಲ, ದೋಸೆ ಹಾಕಾಕೆ ಬಂದೀನಿ."

"ಹಂಗನ್ಬ್ಯಾಡ್ರಿ ತಾಯಿ. ದೊಡ್ಡಾಸ್ಪತ್ರೆಯೋರು ಸಣ್ಣವ್ರನ್ನ ನೋಡಲ್ಲ ಅಂತ ಗೊತ್ತು. ನೀವಾದ್ರೂ ನೋಡ್ರಿ."

ಕೂಸು ಕೆಮ್ಮಿತು. ಚಿಕ್ಕಮ್ಮ ಹಂಚನ್ನು ಇಳಿಸಿ ಪಾತ್ರೆ ಇಟ್ಟಳು. ಚಟ್ನಿಗೆಂದು ತಂದಿದ್ದ ಶುಂಠಿಯನ್ನು ಜಜ್ಜಿ, ಮೆಣಸು ಹಾಕಿ ಕಷಾಯ ಕುದಿಸಿದಳು. ಅವಳ ಸ್ವಂತ ಒಲೆಯ ಮೇಲೆ ಮೊದಲು ಕುದಿದದ್ದು ಊರವರ ಕೆಮ್ಮಿನ ಕಷಾಯ. ಹನ್ನೆರಡು ಜನಕ್ಕೆ ಕೊಟ್ಟಳು. ಹದಿಮೂರನೆಯವಳಾಗಿ ಬಂದು ನಿಂತದ್ದು ಪಾರ್ವತಮ್ಮ.

"ಲೇ ಗಿರಿಜಾ! ನಮ್ಮನ್ಯಾಗೆ ಒಲೆ ಇಲ್ವೇನೇ? ದೋಸೆ ಬೇಕು ಅಂದ್ರೆ ನಾನು ಹಾಕಿ ಕೊಡ್ತಿರ್ಲಿಲ್ವೇನೇ?"

"ನೀನು ಕೊಡ್ತಿದ್ದೆ ಅಕ್ಕ. ನಾನೇ ಹಾಕ್ಕೊಂಡು..."

"ಯಾಕೆ, ನನ್ನ ಕೈದು ಸೇರಲ್ವಾ?"

ಚಿಕ್ಕಮ್ಮ ಹೇಗೆ ಹೇಳುತ್ತಾಳೆ? ಅಕ್ಕನ ಕೈದು ಸೇರುವುದಿಲ್ಲವೆಂದಲ್ಲ, ತನ್ನ ಒಲೆಯದು ಬೇಕಿತ್ತು. ಸ್ಟವ್ವು ಆರಿಸಿ, ಅಕ್ಕನ ಹಿಂದೆ ನಡೆದಳು. ಪಾರ್ವತಮ್ಮ ಮುನಿದುಕೊಂಡು ತಿಂಡಿ ಬಡಿಸಿದಳು, ಹೊರಡುವಾಗ ಬುತ್ತಿ ಕಟ್ಟಿಕೊಡಲಿಲ್ಲ. ನಮ್ಮ ಕಡೆ ಅಕ್ಕ ಬುತ್ತಿ ಕಟ್ಟಲಿಲ್ಲ ಎಂದರೆ ಅದಕ್ಕಿಂತ ದೊಡ್ಡ ಕೋಪ ಇಲ್ಲ. ದಾರಿಯುದ್ದಕ್ಕೂ ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಜಾಡಿಯ ಬಟ್ಟೆ ಬಿಚ್ಚಿದರೆ ಹುಳಿ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಎನಾಮಲ್ಲಿನ ವಾಸನೆಯೂ ಅದರ ಮುಂದೆ ಸೋತಿತು. "ಎಸೆದುಬಿಡು ಗಿರಿಜಾ" ಎಂದ ಚಿಕ್ಕಪ್ಪ. ಅವಳು ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವತ್ತು ಸಂಜೆ ಮನೆ ಸೇರಿದರೆ ಮರುದಿನ ಬೆಳಿಗ್ಗೆ ಖಾದರ್ ಸಾಬರು ಬಂದು ಮಂಚ, ಹಲಗೆ ಕಿತ್ತುಹಾಕುತ್ತಾರೆ. ಅದು ಎಲ್ಲರಿಗೂ ಗೊತ್ತಿತ್ತು.

ಹೊಳಲ್ಕೆರೆಯಲ್ಲಿ ಹೊಳೆಯಿಲ್ಲ, ಕೆರೆಯಿದೆ. ಚಿಕ್ಕಪ್ಪನ ನದಿ ತೀರದ ಯಾದಿಯಲ್ಲಿ ಆ ಊರು ಸೇರಿದ್ದು ಅಲ್ಲಿ ಅವನ ದೊಡ್ಡಪ್ಪನ ಮಗ, ಸ್ಕೂಲು ಮೇಷ್ಟ್ರು, ಇದ್ದದ್ದರಿಂದ. ಮೊದಲು ಬಯಲಿನಲ್ಲಿ ಕೂತ ಆ ಭಾರಿ ಗಣಪತಿಗೆ ಕೈಮುಗಿದೆವು. ಅವನ ಬೆನ್ನಿನ ಹಿಂದೆ ಜಡೆ ಇದೆ, ಹೋದವರು ನೋಡಬೇಕು. ಅಜ್ಜಿ ಜಡೆಗೂ ಪ್ರತ್ಯೇಕ ನಮಸ್ಕಾರ ಮಾಡಿದಳು. ಅಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು, ಎಲ್ಲರಿಗೂ ಹಸಿವು. "ಮೇಷ್ಟ್ರು ಎರಡು ದಿನದಿಂದ ಅಡುಗೆ ಮಾಡಿಸಿ ಕಾಯ್ತಿರ್ತಾನೆ, ತಪ್ಪಿಸ್ಕೊಳ್ಳೋ ಹಂಗಿಲ್ಲ" ಎನ್ನುತ್ತ ಚಿಕ್ಕಪ್ಪ ಬೀಗುತ್ತಲೇ ಗಾಡಿಯನ್ನು ಅವರ ಮನೆಯ ಮುಂದೆ ತಂದು ನಿಲ್ಲಿಸಿದ.

ಮನೆಗೆ ಬೀಗ. ಬೀಗಕ್ಕೆ ಒಂದು ಚೀಟಿ. ದುಂಡಗಿನ ಅಕ್ಷರ.

"ತಮ್ಮ ಕಾರ್ಡು ತಲುಪಿತು. ನಾವು ಮನೆಯಲ್ಲಿದ್ದರೆ ಊಟಕ್ಕೆ ಬಲವಂತ ಮಾಡಿ ತಮಗೆ ತೊಂದರೆಯಾದೀತೆಂದು ತಿಳಿದು, ತಮ್ಮ ಇಚ್ಛೆಯಂತೆ ಸಕುಟುಂಬವಾಗಿ ಭೀಮಸಮುದ್ರಕ್ಕೆ ಹೋಗಿದ್ದೇವೆ. ಕೆರೆಯ ಏರಿ ತಮ್ಮ ಗಾಡಿಗೆ ಅನುಕೂಲವಾಗಿದೆ. ಪ್ರವಾಸ ಸುಖಕರವಾಗಲಿ."

ಚಿಕ್ಕಪ್ಪ ಅದನ್ನು ಎರಡು ಸಲ ಓದಿದ. ಅವನ ಮುಖ ಬೆಂದ ಬದನೆಕಾಯಿ ಆಯಿತು. "ನೋಡಿದ್ಯೇನವ್ವ ಇವನ ಬುದ್ಧಿ! ಅಣ್ಣ ತಮ್ಮ ಅಂತ ಮನೆ ಬಾಗಿಲಿಗೆ ಬಂದ್ರೆ ಬೀಗ! ಬಾಯಿ ಮಾತಿಗಾದ್ರೂ ಊಟಕ್ಕೆ ಏಳ್ರಿ ಅನ್ಬಾರ್ದಾ? ಬರೆದೋರು ಏನೋ ಬರೀತಾರೆ, ನಂಬ್ತಾರೇನು?" ಎಂದು ಬೀದಿಯಲ್ಲಿ ನಿಂತು ಕೂಗಾಡಿದ. ಮೂರು ಊರಿನಲ್ಲಿ ಅವನ ಕಾರ್ಡನ್ನು ನಂಬಿದವರು ಮೇಷ್ಟ್ರೊಬ್ಬರೇ. ಅವರ ಮೇಲೆಯೇ ಅವನಿಗೆ ಕೋಪ. ಆಮೇಲೆ ಹತ್ತು ವರ್ಷ ಅವರ ಮನೆ ಮೆಟ್ಟಲಿಲ್ಲ.

ಚಿಕ್ಕಮ್ಮ ಗಾಡಿ ಹತ್ತಿ, "ಕೆರೆ ಏರಿಗೆ ಹೋಗಾಣ ನಡೀರಿ" ಎಂದಳು. ಅವಳು ಗಂಡನಿಗೆ ಹೀಗೆ ನಡೀರಿ ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಏರಿಯ ಮೇಲೆ ಆಲದ ನೆರಳು. ಸ್ಟವ್ವು ಭುಸ್ ಎಂದು ಹತ್ತಿತು. ಹಂಚು ಕಾದು ಹೊಗೆಯಾಡಿತು. ಹಿಟ್ಟಿಗೆ ಒಂದಿಷ್ಟು ಅಕ್ಕಿಹಿಟ್ಟು ಸೇರಿಸಿ, ಉಪ್ಪು ಹಾಕಿ ಕದಡಿ, ಮೊದಲ ಸೌಟು ಹುಯ್ದಳು. ಚುಂಯ್ ಎಂದಿತು ನೋಡಿ! ಆ ಸದ್ದಿಗೆ ನನ್ನ ಬಾಯಲ್ಲಿ ನೀರು ಬಂತು. ಅಂಚು ಎದ್ದು, ಕೆಂಪಗಾಗಿ, ಪರಿಮಳ ಬಂತು. ಚಿಕ್ಕಮ್ಮ ಅದನ್ನು ಮಗುಚಿ, ಎತ್ತಿ, ಚಿಕ್ಕಪ್ಪನ ತಟ್ಟೆಗೆ ಹಾಕಿದಳು.

ಅವಳಿಗೇ ಗೊತ್ತಾಗಲಿಲ್ಲ. ಹದಿನೆಂಟು ವರ್ಷದ ಕೈ, ತಾನಾಗಿ ಹೋಯಿತು. ಚಿಕ್ಕಪ್ಪ ಕೆರೆ ಕಟ್ಟಿಸಿದ ಅರಸರ ಬಗ್ಗೆ ಹೇಳುತ್ತ ಅದನ್ನು ಎರಡೇ ತುತ್ತಿಗೆ ಮುಗಿಸಿದ. ಎರಡನೆಯದು ನನಗೆ. ಮೂರನೆಯದು ಅಜ್ಜಿಗೆ. ನಾಲ್ಕನೆಯದು ಮತ್ತೆ ಚಿಕ್ಕಪ್ಪನಿಗೆ. ಐದನೆಯದು ಹಂಚಿನ ಮೇಲೆ ಬೇಯುತ್ತಿದ್ದಾಗ ನಾನು ತಟ್ಟೆ ಚಾಚಿದೆ. ಹೌದು, ನಾನೇ. ಅವಳ ಆಸೆ ಗೊತ್ತಿದ್ದವಳು ನಾನೊಬ್ಬಳೇ, ಮೂರು ದಿನ ಅವಳ ಜೊತೆ ಆ ಹಿಟ್ಟು ಕಾದವಳು ನಾನೇ, ಆದರೂ ಬಿಸಿ ದೋಸೆ ಕಂಡ ಕೂಡಲೇ ತಟ್ಟೆ ಚಾಚಿದ ನಾಚಿಕೆಗೇಡಿ ನಾನೇ. ಹಾಕಿದಳು. ತಿಂದೆ.

ಚಿಕ್ಕಮ್ಮ ಜಾಡಿಯನ್ನು ಬಗ್ಗಿಸಿ ನೋಡಿದಳು. ಇನ್ನೊಂದು ಸೌಟಿನಷ್ಟು ಉಳಿದಿತ್ತು. ಅವಳು ಸೌಟು ಎತ್ತಿ ಅಜ್ಜಿಯ ಕಡೆ ನೋಡುತ್ತ, "ಅತ್ತೇ, ನಿಮಗೆ ಇನ್ನೊಂದು" ಎಂದಳು.

ಅಜ್ಜಿ ತಟ್ಟೆ ಪಕ್ಕಕ್ಕಿಟ್ಟು ಎದ್ದಳು. ಗಾಡಿ ಹತ್ತಿದಳು. ಚಿಕ್ಕಮ್ಮನ ಕೈಯಿಂದ ಸೌಟು ಕಿತ್ತುಕೊಂಡಳು. ಈಗ ಬೈಗುಳ ಬೀಳುತ್ತದೆ ಎಂದುಕೊಂಡೆ.

"ಕುಂತ್ಕ" ಎಂದಳು ಅಜ್ಜಿ.

"ಅತ್ತೇ, ನಾನು ಹಾಕ್ತೀನಿ..."

"ಕುಂತ್ಕ ಅಂದ್ರೆ ಕುಂತ್ಕ. ಐವತ್ತು ವರ್ಷ ಒಲೆ ಮುಂದೆ ನಿಂತೀನಿ, ನೀನೊಂದು ಚೂರು ಕುಂತ್ಕಳೇ ಅಂತ ನಂಗೆ ಒಬ್ರೂ ಅನ್ಲಿಲ್ಲ. ನಂಗೆ ಯಾರೂ ಅನ್ಲಿಲ್ಲ ಅಂತ ನಾನೂ ನಿಂಗೆ ಅನ್ಲಿಲ್ಲ. ಕುಂತ್ಕ."

ಚಿಕ್ಕಮ್ಮ ಗಾಡಿಯ ಮೆಟ್ಟಿಲ ಮೇಲೆ ಕೂತಳು. ಚಿಕ್ಕಪ್ಪನ ಇತಿಹಾಸ ಅರ್ಧಕ್ಕೇ ನಿಂತಿತು. ಅಜ್ಜಿ ಜಾಡಿಯನ್ನು ಬೆರಳಿನಿಂದ ಬಳಿದು, ಕೊನೆಯ ದೋಸೆ ಹುಯ್ದು, ಸುತ್ತ ಎಣ್ಣೆ ಬಿಟ್ಟು, ಕೆಂಪಗೆ ಮಾಡಿ, ತಟ್ಟೆಗೆ ಹಾಕಿ ಸೊಸೆಯ ಕೈಗೆ ಕೊಟ್ಟಳು. "ಆರಿಸ್ಬೇಡ, ತಿನ್ನು." ಚಿಕ್ಕಮ್ಮ ತಿಂದಳು. ಮೂರು ದಿನ ಹುಳಿತ ಹಿಟ್ಟು, ಆ ಕಡೆ ಈ ಕಡೆ ಸೀದಿತ್ತು ಕೂಡ. ಅವಳು ಅಳುತ್ತ ತಿಂದಳು, ಸುಟ್ಟ ಬೆರಳಿಗೆ ಗಾಳಿ ಊದುತ್ತ ತಿಂದಳು, ಒಂದು ಚೂರೂ ಬಿಡಲಿಲ್ಲ. ನಾನು ಕೆರೆಯ ಕಡೆ ಮುಖ ಮಾಡಿ ಕೂತೆ.

ಮನೆಗೆ ಬಂದ ಮೇಲೆ ಅಜ್ಜಿ ಮತ್ತೆ ಅಜ್ಜಿಯೇ ಆದಳು, ಬೆಕ್ಕು ಮತ್ತೆ ಅವಳ ಮಾತನ್ನೇ ಕೇಳಿತು. ಗಾಡಿಯಲ್ಲಿ ಎಣ್ಣೆ ಡಬ್ಬ ತುಂಬಿದವು. ನಾನು ಇತಿಹಾಸದಲ್ಲಿ ಹೇಗೋ ಪಾಸಾದೆ, ಕೆರೆಗಳ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಮೊನ್ನೆ ವರಾಂಡದಲ್ಲಿ ಕೂತು ಇಷ್ಟೆಲ್ಲ ನೆನೆದ ಮೇಲೆ ತಡೆಯಲಾಗದೆ ದುರ್ಗಕ್ಕೆ ಫೋನು ಮಾಡಿದೆ. ಚಿಕ್ಕಮ್ಮನಿಗೆ ಈಗ ಎಂಬತ್ತೈದು ದಾಟಿದೆ. ಮೊಮ್ಮಕ್ಕಳ ಮದುವೆ ಮಾಡಿಸಿದ್ದಾಳೆ, ಕಿವಿ ಮಂದ, ಬಾಯಿ ಚುರುಕು.

"ಚಿಕ್ಕಮ್ಮ, ಹೊಳಲ್ಕೆರೆ ಏರಿ ಮೇಲೆ ದೋಸೆ ತಿಂದಿದ್ದು ನೆನಪೈತಾ?"

"ಯಾಕೆ ನೆನಪಿರಲ್ಲ? ನೀನು ಎರಡು ತಿಂದೆ."

ಐವತ್ತು ವರ್ಷ! ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ನನಗೆ ನಗು ಬಂತು. "ತಪ್ಪಾಯ್ತು ಚಿಕ್ಕಮ್ಮ" ಎಂದೆ. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬಿಟ್ಟಳೋ.

"ಅಜ್ಜಿ ಹಾಕಿಕೊಟ್ಟ ದೋಸೆ ಹೆಂಗಿತ್ತು? ಈಗಾದ್ರೂ ನಿಜ ಹೇಳು."

"ಥೂ, ಹುಳಿ ಕಣೇ. ಬಾಯಿಗೆ ಇಡೋ ಹಂಗಿರ್ಲಿಲ್ಲ." ಅದರ ಬೆನ್ನಿಗೇ, "ಆದ್ರೆ ಬಿಸಿ ಇತ್ತು" ಎಂದಳು.

ಈ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ದೋಸೆ. ಯಜಮಾನರು ತಟ್ಟೆಯ ಮುಂದೆ ಕೂತು, ಪೇಪರಿನ ಹಿಂದಿನಿಂದ, "ಏನೇ, ಆಯ್ತಾ?" ಎಂದರು. ಆಗಿತ್ತು. ಅಂಚು ಕೆಂಪಗಾಗಿ ಎದ್ದಿತ್ತು. ಮದುವೆಯಾಗಿ ನಲವತ್ತೈದು ವರ್ಷ, ನನ್ನ ಕೈ ತಾನಾಗಿ ಅವರ ತಟ್ಟೆಯ ಕಡೆ ಅರ್ಧ ದಾರಿ ಹೋಗಿತ್ತು. ಅಲ್ಲೇ ನಿಲ್ಲಿಸಿದೆ. ಸ್ಟವ್ ಸಣ್ಣ ಮಾಡಿ, ಇನ್ನೊಂದು ತಟ್ಟೆ ತೆಗೆದುಕೊಂಡು, ಅವರ ಎದುರಿನ ಕುರ್ಚಿ ಎಳೆದೆ.

"ಇದು ಯಾರಿಗೆ?" ಎಂದು ಅವರು ಪೇಪರ್ ಇಳಿಸಿ ಕೇಳಿದರು.

"ನನಗೆ. ನಿಮಗೆ ಹಸಿವಾಗಿದ್ರೆ ಹಿಟ್ಟು ಅಲ್ಲೇ ಐತೆ, ಹಾಕ್ಕೊಳ್ರಿ" ಎಂದು ಹೇಳಿ, ಕೂತು ತಿಂದೆ.